ಜಾಝ್‌ಗೆ ಪರದೆ ಎಳೆದವನು

ನಾಟಕಕ್ಕೆ ನಟರು ಮುಖ್ಯ, ಸಂಗೀತಕ್ಕೆ ಗಾಯಕರು ಮುಖ್ಯ ಎಂದು ನಂಬಿರುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಸಭಾಭವನದ ಟಿಕೆಟ್ ಕಿಟಕಿಯಲ್ಲಿ ಕೂತು ಕೂತೇ ಕೂದಲು ಹಣ್ಣಾದ ನನ್ನ ಅನುಭವ ಬೇರೆ. ಕಲೆ ಯಾವುದೇ ಇರಲಿ, ಅದು ಶುರುವಾಗಬೇಕಾದರೆ ಒಬ್ಬ ಪರದೆ ಎತ್ತಬೇಕು, ಮುಗಿಯಬೇಕಾದರೆ ಅವನೇ ಇಳಿಸಬೇಕು. ನಡುವೆ ಆಗುವುದೆಲ್ಲ ಅವನ ದಾಕ್ಷಿಣ್ಯದಿಂದ ಆಗುವುದು. ನಮ್ಮ ಭವನದಲ್ಲಿ ಆ ಕೆಲಸ ಹಗ್ಗದಣ್ಣನದು.

ಹಗ್ಗದಣ್ಣನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಸಂಬಳದ ದಿನ ಮಾತ್ರ ಹೊರಗೆ ಬಂದು, ಸಹಿ ಹಾಕಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಅವನು ನಿಲ್ಲುವ ಜಾಗ ವೇದಿಕೆಯ ಎಡಕ್ಕೆ, ದಪ್ಪ ಕಂಬದ ಹಿಂದೆ ಇರುವ ಒಂದು ಗೂಡು. ಭವನ ಕಟ್ಟಿದ ಮಹಾನುಭಾವರು ಗೂಡಿನಿಂದ ವೇದಿಕೆ ಕಾಣಬಾರದು, ಸಭೆಯೂ ಕಾಣಬಾರದು ಎಂದು ಪಣ ತೊಟ್ಟು ಕಟ್ಟಿದ ಹಾಗಿತ್ತು. ಅಲ್ಲಿ ಕಾಣುತ್ತಿದ್ದದ್ದು ಹಗ್ಗ, ಗಾಲಿ, ಮತ್ತು ಅವನ ಅಂಗಿ ನೇತುಹಾಕಿದ್ದ ಒಂದು ಮೊಳೆ. ಹೀಗಾಗಿ ಹಗ್ಗದಣ್ಣ ಆಯುಷ್ಯದಲ್ಲಿ ಒಂದು ಕಾರ್ಯಕ್ರಮವನ್ನೂ ನೋಡಿದವನಲ್ಲ. ಎಲ್ಲವನ್ನೂ ಕೇಳಿದವನು.

ಈ ವಿದ್ಯೆಯನ್ನು ಅವನಿಗೆ ಕಲಿಸಿದವರು ಅವನ ಸೋದರಮಾವ. ಅವರೂ ಅದೇ ಗೂಡಿನಲ್ಲಿ ನಿಂತು, ಅದೇ ಮೊಳೆಗೆ ಅಂಗಿ ಹಾಕಿ, ನಿವೃತ್ತರಾದವರು. ಅವರ ಶಾಸ್ತ್ರ ಚಿಕ್ಕದು. ಒಂದೆರಡು ಕೈ ತಟ್ಟಿದರೆ ಅದು ಬಿಡಿ ಚಪ್ಪಾಳೆ, ಲೆಕ್ಕಕ್ಕಿಲ್ಲ. ಸಭೆಯೆಲ್ಲ ತಟ್ಟಿದರೆ ತುಂಬು ಚಪ್ಪಾಳೆ, ಕಲೆ ಮುಗಿಯಿತೆಂದು ಅರ್ಥ, ಪರದೆ ಇಳಿಸು. ಇಳಿಸಿದ ಮೇಲೂ ತಟ್ಟುತ್ತಿದ್ದರೆ ಎತ್ತು, ಕಲಾವಿದರು ತಲೆಬಾಗಲಿ. ಮತ್ತೆ ತಟ್ಟಿದರೆ ಮತ್ತೆ ಇಳಿಸು. ಈ ಶಾಸ್ತ್ರ ಎರಡು ತಲೆಮಾರು ಒಂದು ಕೂದಲೂ ಕೊಂಕದೆ ನಡೆದಿತ್ತು.

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದರು. ಅಳತೆಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುವ ಜೀವ. ಬಾಗಿಲು ಅಳೆದರು, ಕಿಟಕಿ ಅಳೆದರು, ನಾನು ಕೂತಿದ್ದ ಸ್ಟೂಲನ್ನು ನಾನು ಕೂತಿರುವಾಗಲೇ ಅಳೆದರು. ಅಳತೆ ಪರದೆಯ ತನಕ ಬಂದಾಗ ಹಗ್ಗದಣ್ಣ ಹಗ್ಗಕ್ಕೆ ಅಡ್ಡ ನಿಂತ. ಮ್ಯಾನೇಜರರ ಮೇಜಿನ ಗಾಜಿನ ಕೆಳಗೆ ಒಂದು ಮೋಟಾರಿನ ಚಿತ್ರ ಇತ್ತು. ಗುಂಡಿ ಒತ್ತಿದರೆ ಪರದೆ ಏಳುತ್ತದೆ, ಇನ್ನೊಂದು ಒತ್ತಿದರೆ ಬೀಳುತ್ತದೆ, ಮನುಷ್ಯ ಬೇಕಿಲ್ಲ. ಆ ಚಿತ್ರವನ್ನು ತಂದುಕೊಟ್ಟವನು ಬೇರೆ ಯಾರೂ ಅಲ್ಲ. ವಿದ್ಯುತ್ ಕಂಟ್ರಾಕ್ಟರ್ ಆಗಿದ್ದ, ಹಗ್ಗದಣ್ಣನ ಮನೆಯ ಮಹಡಿಯಲ್ಲೇ ವಾಸವಾಗಿದ್ದ, ಅವನ ಸ್ವಂತ ಭಾವಮೈದುನ.

ಮನೆಯಲ್ಲಿ ಹಗ್ಗದಣ್ಣನ ಹೆಂಡತಿ, ನಮಗೆಲ್ಲ ಅತ್ತಿಗೆ, ಆಕೆಯ ಸ್ಥಿತಿ ಅತ್ತ ದರಿ ಇತ್ತ ಪುಲಿ. ಮೋಟಾರ್ ಬಂದರೆ ತಮ್ಮನಿಗೆ ಕೆಲಸ ಸಿಗುತ್ತದೆ, ಗಂಡನಿಗೆ ಹೋಗುತ್ತದೆ. ಆಕೆ ಇಬ್ಬರಿಗೂ ಒಂದೇ ಪಾತ್ರೆಯಿಂದ ಕಾಫಿ ಬಗ್ಗಿಸಿ, ಇಬ್ಬರ ಮುಖವನ್ನೂ ನೋಡದೆ ಲೋಟ ಇಟ್ಟು ಹೋಗುತ್ತಿದ್ದರು.

ಇಂಥ ಸಮಯದಲ್ಲಿ ಮ್ಯಾನೇಜರ್ ನಮ್ಮನ್ನೆಲ್ಲ ಕರೆದು, ಒಂದು ಜಾಝ್ ತಂಡ ಬರುತ್ತಿದೆ, ದೊಡ್ಡವರೆಲ್ಲ ಬರುತ್ತಾರೆ, ಜಾಝ್‌ನ ಅನುಭವ ಯಾರಿಗಿದೆ ಎಂದು ಕೇಳಿದರು. ದೀಪದವನು ಫ್ಯಾನ್ ನೋಡಿದ. ಮೈಕಿನವನು ನೆಲ ನೋಡಿದ. ಟಿಕೆಟ್ ಯಾವುದಕ್ಕಾದರೂ ಒಂದೇ ಬಣ್ಣ ಎಂದು ನಾನು ಹೇಳಿದೆ. ಅನುಭವ ಇಲ್ಲದಿದ್ದರೆ ಮೋಟಾರನ್ನು ಈಗಲೇ ತರಿಸುವುದು ಒಳ್ಳೆಯದೇನೋ ಎಂದು ಮ್ಯಾನೇಜರ್ ಗೊಣಗಿದ್ದೇ ತಡ, ಹಿಂದಿನಿಂದ ಒಂದು ದನಿ ಬಂತು.

"ಜಾಝಾ? ಬೇಕಾದಷ್ಟು ಎಳೆದಿದೀನಿ ಸರ್."

ನಾವೆಲ್ಲ ತಿರುಗಿ ನೋಡಿದೆವು. ಹಗ್ಗದಣ್ಣನೂ ತಿರುಗಿ ನೋಡಿದ, ಹೇಳಿದವರು ಯಾರೋ ಎನ್ನುವ ಹಾಗೆ. ಅವನು ಎಳೆದಿದ್ದ ಜಾಝ್ ಎಂದರೆ ಹಿಂದೊಮ್ಮೆ ಬಂದಿದ್ದ ಜಾದೂಗಾರನ ಜೊತೆಗೊಬ್ಬ ತುತ್ತೂರಿ ಊದುವವನಿದ್ದ, ಅಷ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮ್ಯಾನೇಜರಿಗೆ ಸಂತೋಷವಾಯಿತು. "ಹಾಗಾದ್ರೆ ಈ ಕಾರ್ಯಕ್ರಮ ಆಗ್ಲಿ. ಸುಸೂತ್ರವಾಗಿ ನಡೆದ್ರೆ ನೀವಿರ್ತೀರಿ. ಎಡವಟ್ಟಾದ್ರೆ ಮೋಟಾರ್ ಇರತ್ತೆ" ಎಂದು ಅಳತೆಪಟ್ಟಿಯನ್ನು ಸರ್ರನೆ ಒಳಗೆ ಎಳೆದುಕೊಂಡರು.

ಅಂದಿನಿಂದ ಹಗ್ಗದಣ್ಣನಿಗೆ ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ. ಜಾಝ್ ಎಂದರೇನು ಎಂದು ಸಿಕ್ಕವರನ್ನೆಲ್ಲ ಕೇಳಿದ. ಅದೂ ನೇರವಾಗಿ ಕೇಳುವ ಹಾಗಿಲ್ಲ, ಬಲ್ಲವನ ಗತ್ತಿನಲ್ಲಿ ಕೇಳಬೇಕು. ಎದುರು ಮನೆಯ ದರ್ಜಿ, ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಬಾರಿಸುವುದು, ಆದರೂ ಯಾರೂ ಎದ್ದುಹೋಗದಿರುವುದು, ಅದೇ ಜಾಝ್, ನಮ್ಮ ಮನೆಯಲ್ಲಿ ದಿನವೂ ಇದೆ ಎಂದ. ಕ್ಷೌರಿಕ, ಅದು ಮುಗಿಯಿತು ಅನ್ನಿಸುತ್ತದೆ ಆದರೆ ಮುಗಿದಿರುವುದಿಲ್ಲ ಎಂದು ಹೇಳಿ, ಕತ್ತಿಯನ್ನು ಕುತ್ತಿಗೆಯ ಬಳಿ ತಂದ. ಹಗ್ಗದಣ್ಣನಿಗೆ ಎರಡಕ್ಕೂ ಸೇರಿ ಬೆವರು ಬಂತು.

ಕೊನೆಗೆ ಕೆಳಗಿನ ಮನೆಯ ನಿವೃತ್ತ ಸಂಗೀತ ಮೇಷ್ಟರ ಬಳಿ ಹೋದ. ಜಾಝ್ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ಮೇಷ್ಟರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಅವರು ಕನ್ನಡಕ ಒರೆಸಿದರೆ ಪಾಠ ಉದ್ದವೆಂದು ಬೀದಿಗೆಲ್ಲ ಗೊತ್ತು. ಈಗಿನ ಹಾಡುಗಳ ಕೆಳಗೆ ಗುಡುಗುಡು ನಡೆಯುವ ತಾಳ ಎಲ್ಲಿಂದ ಬಂತು? ನರ್ತಕಿ ಭುಜ ಬಿಟ್ಟು, ಬೆನ್ನು ಬಿಟ್ಟು, ಬಿದ್ದೇಬಿಟ್ಟಳು ಅನ್ನುವಾಗ ಏಳುವುದನ್ನು ಎಲ್ಲಿ ಕಲಿತಳು? ನಾಟಕದವರು ಬರೆದ ಮಾತು ಬಿಟ್ಟು ಹುಟ್ಟಿದ ಮಾತು ಆಡುವ ಧೈರ್ಯ ಎಲ್ಲಿಂದ ತಂದರು? ಸಿನಿಮಾದಲ್ಲಿ ಪತ್ತೇದಾರ ಒದ್ದೆ ಬೀದಿಯಲ್ಲಿ ಒಬ್ಬನೇ ನಡೆದರೆ ಹಿಂದೆ ಅಳುವ ಕೊಳವೆ ಯಾವುದು? ಎಲ್ಲದಕ್ಕೂ ಮೂಲ ಅದೇ ಎಂದು ಮೇಷ್ಟರು ಸಾಧಿಸುವಷ್ಟರಲ್ಲಿ ಹೊರಗೆ ಬೀದಿದೀಪ ಹತ್ತಿತು.

"ಎಲ್ಲ ಸರಿ ಸಾರ್. ಮುಗಿಯೋದು ಯಾವಾಗ?" ಎಂದು ಹಗ್ಗದಣ್ಣ ಕೇಳಿದ.

"ಮುಗಿಯೋದೇ ಇಲ್ಲ ಕಣಯ್ಯಾ. ಅದರ ಪ್ರಭಾವ ಶಾಶ್ವತ."

"ಪ್ರಭಾವ ಅಲ್ಲ ಸಾರ್, ಹಾಡು."

ಮೇಷ್ಟರು ಕನ್ನಡಕ ಹಾಕಿಕೊಂಡು ಪಾಠ ಮುಗಿಸಿದರು. ಇಂಥ ಪ್ರಶ್ನೆಯನ್ನು ವಿದ್ಯಾರ್ಥಿಗಳು ಯಾರೂ ಕೇಳಿರಲಿಲ್ಲವಂತೆ.

ಕಾರ್ಯಕ್ರಮದ ದಿನ ತಂಡ ಬಂತು. ನಾಲ್ವರು. ಮುಂದಾಳು ಸ್ಯಾಕ್ಸೋಫೋನ್ ನುಡಿಸುವ ಎತ್ತರದ ಹೆಂಗಸು. ಪಿಯಾನೋದವರು ಒಬ್ಬರು, ಡ್ರಮ್ಮಿನವರು ಒಬ್ಬರು, ಆಳೆತ್ತರದ ಪಿಟೀಲಿನಂಥ ಬಾಸನ್ನು ತಬ್ಬಿಕೊಂಡು ನಿಲ್ಲುವವರು ಇನ್ನೊಬ್ಬರು. ಹಗ್ಗದಣ್ಣ ಸ್ಯಾಕ್ಸೋಫೋನಮ್ಮನ ಹಿಂದೆ ಮುಂದೆ ಸುಳಿದು, ಕಡೆಗೆ ಕೇಳಿಯೇಬಿಟ್ಟ. ಆಕೆ ಸಮಾಧಾನವಾಗಿಯೇ ಹೇಳಿದರು. ಮೊದಲು ಎಲ್ಲರೂ ಕೂಡಿ ರಾಗ ನುಡಿಸುತ್ತೇವೆ, ಆಮೇಲೆ ಒಬ್ಬೊಬ್ಬರೂ ತಮ್ಮ ಮಾತು ಹೇಳುತ್ತೇವೆ, ಒಬ್ಬರದು ಮುಗಿದರೆ ಇನ್ನೊಬ್ಬರಿಗೆ ಗೋಣು ಹಾಕುತ್ತೇವೆ, ಎಲ್ಲರದೂ ಆದ ಮೇಲೆ ಮೊದಲಿನ ರಾಗಕ್ಕೆ ಮರಳಿ ಮುಗಿಸುತ್ತೇವೆ.

"ಎಷ್ಟು ಹೊತ್ತಿಗೆ ಅಮ್ಮಾ?"

"ಅದು ಆ ಹೊತ್ತಿಗೇ ಗೊತ್ತಾಗೋದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಆಯಿತು. ಆಕೆ ಇನ್ನೊಂದು ಮುಖ್ಯ ವಿಷಯ ಹೇಳಲಿಲ್ಲ, ಅದು ಹೇಳಬೇಕಾದ ವಿಷಯ ಎಂದು ಆಕೆಗೆ ಹೇಗೆ ಗೊತ್ತಾಗಬೇಕು? ಜಾಝ್ ಕೇಳುವವರಿಗೆ ಒಂದು ರೂಢಿ ಇದೆ. ಒಬ್ಬೊಬ್ಬ ವಾದ್ಯಗಾರ ತನ್ನ ಪಾಲು ಮುಗಿಸಿದಾಗಲೂ, ಹಾಡು ಇನ್ನೂ ನಡೆಯುತ್ತಿರುವಾಗಲೇ, ಸಭೆ ಚಪ್ಪಾಳೆ ತಟ್ಟುತ್ತದೆ. ಬಿಡಿ ಚಪ್ಪಾಳೆ ಅಲ್ಲ, ತುಂಬು ಚಪ್ಪಾಳೆ.

ಟಿಕೆಟ್ ಕಿಟಕಿ ಮುಚ್ಚಿ ನಾನು ಸಭೆಯ ಹಿಂದೆ ಬಂದು ನಿಂತೆ. ಪರದೆ ಎದ್ದಿತು. ಹಾಡು ಹೊರಟಿತು. ಸ್ಯಾಕ್ಸೋಫೋನಮ್ಮ ಎರಡು ಹೆಜ್ಜೆ ಮುಂದೆ ಬಂದು, ಕಣ್ಣು ಮುಚ್ಚಿ, ಎದೆಯಲ್ಲಿದ್ದದ್ದನ್ನೆಲ್ಲ ಊದಿದರು. ಊದಿ ನಿಲ್ಲಿಸುವ ಮೊದಲೇ ಸಭೆ ಭೋರೆಂದು ತಟ್ಟಿತು. ಪರದೆ ಧೊಪ್ಪನೆ ಬಿತ್ತು.

ಸ್ಯಾಕ್ಸೋಫೋನಮ್ಮ ಹೊರಗೆ. ಉಳಿದ ಮೂವರು ಒಳಗೆ. ಮುಂದಿನ ಸಾಲಿನಲ್ಲಿದ್ದ ಮ್ಯಾನೇಜರ್ ಅರ್ಧ ಎದ್ದರು. ಆಕೆ ಹಿಂದೆ ತಿರುಗಿ ಬಟ್ಟೆಯನ್ನು ನೋಡಿ, ಒಂದು ಗಳಿಗೆ ತಬ್ಬಿಬ್ಬಾಗಿ, ಅದಕ್ಕೊಂದು ಪ್ರಶ್ನೆ ಕೇಳಿದ ಹಾಗೆ ಸಣ್ಣದಾಗಿ ಊದಿದರು. ಪರದೆಯ ಹಿಂದಿನಿಂದ ಡ್ರಮ್ಮಿನವರು ಉತ್ತರ ಕೊಟ್ಟರು. ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಬಿದ್ದ ಮೇಲೂ ತಟ್ಟುತ್ತಿದ್ದರೆ ಎತ್ತು, ಹಗ್ಗದಣ್ಣ ಎತ್ತಿದ. ಒಳಗೆ ಮೂವರು ತಲೆಬಾಗುವ ಬದಲು ನುಡಿಸುತ್ತಲೇ ಇದ್ದರು. ಪಿಯಾನೋದವರ ಪಾಲು ಮುಗಿಯಿತು, ಚಪ್ಪಾಳೆ ಬಿತ್ತು, ಪರದೆ ಬಿತ್ತು. ಆ ಸಂಜೆಯೆಲ್ಲ ಪರದೆ ಹೀಗೆ ಎದ್ದು ಬಿದ್ದು, ಎದ್ದು ಬಿದ್ದು ಮಾಡಿತು. ಮ್ಯಾನೇಜರ್ ಓಡಿಹೋಗಿ ಗೂಡಿನ ಬಾಗಿಲು ಬಡಿದರು. ಒಳಗಿದ್ದವನಿಗೆ ಅದೂ ಚಪ್ಪಾಳೆಯ ಹಾಗೆಯೇ ಕೇಳಿಸಿ, ಇನ್ನೊಮ್ಮೆ ಇಳಿಸಿದ.

ಮುಗಿದ ಮೇಲೆ ಹಗ್ಗದಣ್ಣ ಅಂಗೈ ಕೆಂಪು ಮಾಡಿಕೊಂಡು ಹೊರಗೆ ಬಂದ. ಇಷ್ಟು ಸಲ ಮುಗಿಯುವ ಕಲೆಯನ್ನು ಅವನು ಕೇಳಿರಲಿಲ್ಲ. ಎದುರಿಗೆ ಮ್ಯಾನೇಜರ್ ಕುದಿಯುತ್ತ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಸ್ಯಾಕ್ಸೋಫೋನಮ್ಮ ಬಂದು ಅವನ ಕೈ ಹಿಡಿದುಕೊಂಡು, ಇಷ್ಟು ವರ್ಷದಲ್ಲಿ ಇಂಥ ಜೊತೆಗಾರ ಸಿಕ್ಕಿರಲಿಲ್ಲ, ಎಲ್ಲಿ ಕಲಿತಿರಿ ಎಂದರು. ಸೋದರಮಾವನ ಹತ್ತಿರ ಎಂದ ಹಗ್ಗದಣ್ಣ. ಆಕೆಯ ಹಿಂದೆಯೇ ಪತ್ರಿಕೆಯ ಕಲಾವಿಮರ್ಶಕರು ನಿಂತಿದ್ದರು. ಆ ಮಾವ ಯಾವ ತಂಡದಲ್ಲಿದ್ದರು ಎಂದು ಗಂಭೀರವಾಗಿ ವಿಚಾರಿಸಿದರು.

ಆ ವಾರದ ಪತ್ರಿಕೆಯಲ್ಲಿ ವಿಮರ್ಶಕರು ಅರ್ಧ ಪುಟ ಬರೆದರು. ಜಾಝ್ ತಾನು ತಲುಪಿದ ಕಲೆಯನ್ನೆಲ್ಲ ಸ್ವತಂತ್ರಗೊಳಿಸಿದೆಯೆಂದೂ, ಈಗ ಪರದೆಯೂ ದಾಸ್ಯದಿಂದ ಬಿಡುಗಡೆ ಹೊಂದಿ ಐದನೆಯ ವಾದ್ಯವಾಗಿದೆಯೆಂದೂ, ಇದನ್ನು ಸಾಧಿಸಿದ ಮೌನಿ ಕಲಾವಿದ ನಮ್ಮ ನಡುವೆಯೇ ಇದ್ದಾನೆಂದೂ ಇತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇಲ್ಲಿ ಕಾಗೆಗೆ ಸನ್ಮಾನವೂ ಆಯಿತು. ಮ್ಯಾನೇಜರ್ ಮೋಟಾರಿನ ಚಿತ್ರವನ್ನು ಗಾಜಿನ ಕೆಳಗಿನಿಂದ ತೆಗೆದು ಡ್ರಾಯರಿನಲ್ಲಿ ಇಟ್ಟರು. ಹರಿದುಹಾಕಲಿಲ್ಲ, ಅವರು ಮುಂದಾಲೋಚನೆಯ ಮನುಷ್ಯ.

ಇಲ್ಲಿಗೆ ಹಗ್ಗದಣ್ಣನ ಕಷ್ಟ ಮುಗಿಯಿತು ಎಂದುಕೊಂಡವರು ಕಲಾವಿದರ ಜೊತೆ ವ್ಯವಹರಿಸಿದವರಲ್ಲ.

ಮೊದಲು ನಾಟಕದ ನಿರ್ದೇಶಕ ಬಂದ. ತನ್ನ ನಾಟಕಕ್ಕೂ ಜಾಝ್ ಪರದೆ ಬೇಕು ಎಂದ. ಯಾವಾಗ ಇಳಿಸಲಿ ಎಂದರೆ, "ನಿಮಗೆ ಅನ್ನಿಸಿದಾಗ ಇಳಿಸಿ" ಎಂದು ಹೇಳಿ, ತನ್ನ ಉದಾರತೆಗೆ ತಾನೇ ಕಣ್ಣು ಒದ್ದೆ ಮಾಡಿಕೊಂಡು ಹೋದ. ಹಗ್ಗದಣ್ಣ ನನ್ನ ಕಿಟಕಿಯ ಬಳಿ ಬಂದು ನಿಂತ.

"ನನಗೆ ಏನೂ ಅನ್ನಿಸಲ್ವಲ್ಲಪ್ಪಾ. ಅಲ್ಲಿ ನಿಂತು ಕಾಯ್ತೀನಿ, ಕಾಯ್ತೀನಿ, ಏನೂ ಅನ್ನಿಸಲ್ಲ. ಭಯ ಒಂದು ಆಗತ್ತೆ."

ಭಯ ಆದಾಗ ಇಳಿಸು ಎಂದು ನಾನು ಬುದ್ಧಿ ಹೇಳಿದೆ. ಅವನು ಹಾಗೇ ಮಾಡಿದ. ನಾಟಕದಲ್ಲಿ ತಂದೆ ಸಾಯುವ ಹಾಸಿಗೆಯಲ್ಲಿ ಮಗಳಿಗೆ ಗುಟ್ಟು ಹೇಳಲು ಬಾಯಿ ತೆರೆದಾಗ ಸಭೆ ಉಸಿರು ಬಿಗಿಹಿಡಿಯಿತು. ಆ ಮೌನಕ್ಕೆ ಹಗ್ಗದಣ್ಣನಿಗೆ ಭಯವಾಗಿ ಪರದೆ ಬಿತ್ತು. ಗುಟ್ಟು ಏನೆಂದು ಇವತ್ತಿಗೂ ಊರಿಗೆ ಗೊತ್ತಿಲ್ಲ. ನಾಟಕ ತಿಂಗಳುಗಟ್ಟಲೆ ತುಂಬಿ ಓಡಿತು. ಗುಟ್ಟು ತಿಳಿಯಲಿಕ್ಕೆ ಜನ ಎರಡೆರಡು ಸಲ ಬಂದರು. ತಂದೆಯ ಪಾತ್ರದವರು ಮಾತ್ರ ನನ್ನ ಕಿಟಕಿಗೆ ಬಂದು, ಆ ಮಾತು ಕಲಿಯಲು ಒಂದು ತಿಂಗಳು ತೆಗೆದುಕೊಂಡಿದ್ದೆ ಎಂದು ಹೇಳಿ ಅತ್ತರು.

ಆಮೇಲೆ ನೃತ್ಯ ಶಾಲೆಯವರು ಬಂದರು. ಆಮೇಲೆ ಭಾಷಣದವರು. ಮನೆಗೆ ಹೋದರೆ ಮಹಡಿಯಿಂದ ಭಾವಮೈದುನ ದಡದಡ ಇಳಿದು ಬಂದು, ಭಾವ ನನ್ನ ಅನ್ನಕ್ಕೆ ಕಲ್ಲು ಹಾಕಿದರು ಎಂದು ಅಕ್ಕನಿಗೆ ದೂರು ಹೇಳುತ್ತಿದ್ದ. ಅತ್ತಿಗೆ ನನ್ನ ಹೆಂಡತಿಯ ಬಳಿ ಹೇಳಿಕೊಂಡ ಪ್ರಕಾರ, ಹಗ್ಗದಣ್ಣ ಊಟಕ್ಕೆ ಕೂತಾಗ ಪಕ್ಕದ ಮನೆಯಲ್ಲಿ ಯಾರಾದರೂ ಕಂಬಳಿ ಕೊಡವಿದರೂ ತುತ್ತು ಬಿಟ್ಟು ಕೈ ಮೇಲಕ್ಕೆ ಹೋಗುತ್ತಿತ್ತು. ಮನುಷ್ಯ ಒಣಗಿ ಹಗ್ಗದ ಹಾಗೇ ಆಗಿದ್ದ. ಒಂದು ಸುಳ್ಳು ಇಷ್ಟು ಮರ್ಯಾದೆ ತಂದರೆ, ನಿಜ ಗೊತ್ತಾದ ದಿನ ಎಷ್ಟು ಅವಮಾನ ತಂದೀತು ಎಂಬ ಲೆಕ್ಕ ಅವನನ್ನು ತಿನ್ನುತ್ತಿತ್ತು. ನನಗೆ ಅವನನ್ನು ನೋಡಿ ನಿಜವಾಗಿಯೂ ಸಂಕಟವಾಗುತ್ತಿತ್ತು.

ಆ ದಿನವೂ ಬಂತು. ವಿಮರ್ಶಕರು ನಮ್ಮ ಭವನದಲ್ಲೇ ಒಂದು ವಿಚಾರ ಸಂಕಿರಣ ಇಟ್ಟರು. ವಿಷಯ, ಸಂಗೀತ ಮತ್ತು ಪ್ರದರ್ಶನ ಕಲೆಗಳ ಮೇಲೆ ಜಾಝ್‌ನ ಅಳಿಯದ ಪ್ರಭಾವ. ಅದರ ಬೆನ್ನಿಗೇ ಅದೇ ನಾಲ್ವರ ಕಛೇರಿ. ಭವನದ ಸಮಿತಿಯ ಅಧ್ಯಕ್ಷರೂ ಬರುತ್ತಾರೆ ಎಂದಾಯಿತು. ಅಧ್ಯಕ್ಷರು ಪಾದರಕ್ಷೆ ಅಂಗಡಿಯ ಮಾಲೀಕರು, ಮಾತು ಕಡಿಮೆ, ಕೊನೆಯ ಸಹಿ ಅವರದು. ಭಾವಮೈದುನ ಈ ನಡುವೆ ಅವರ ಅಂಗಡಿಗೆ ಹೋಗಿ ಬಂದಿದ್ದ. ಫಲವಾಗಿ ಸಂಕಿರಣದ ಹಿಂದಿನ ದಿನ ಪರೀಕ್ಷೆಗೆಂದು ಒಂದು ಮೋಟಾರ್ ಬಂದು ಪರದೆಯ ತಲೆಗೆ ಕೂತಿತು. ಹಗ್ಗವೂ ಇರಲಿ, ಮೋಟಾರೂ ಇರಲಿ, ನಾಳೆ ಮನುಷ್ಯ ಎಡವಿದರೆ ನನ್ನ ಸನ್ನೆಗೆ ಗುಂಡಿ ಒತ್ತು, ಅಲ್ಲಿಗೆ ತೀರ್ಮಾನ ಎಂದು ಅಧ್ಯಕ್ಷರು ಹೇಳಿದ್ದರು.

ವಿಮರ್ಶಕರು ಇನ್ನೊಂದು ಏರ್ಪಾಡು ಮಾಡಿದ್ದರು. ಇಂಥ ಕಲಾವಿದ ಗೂಡಿನಲ್ಲಿ ಅಡಗಿರಬಾರದೆಂದು, ಹಗ್ಗವನ್ನು ಕಂಬದ ಈಚೆಗೆ ತರಿಸಿ, ವೇದಿಕೆಯ ಅಂಚಿನಲ್ಲಿ, ಎಲ್ಲರಿಗೂ ಕಾಣುವಂತೆ ಒಂದು ಕುರ್ಚಿ ಹಾಕಿಸಿದರು. ಹಗ್ಗದಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಅದರ ತುದಿಯಲ್ಲಿ ಕೂತ. ಅತ್ತಿಗೆ ಮುಂದಿನ ಸಾಲಿನಲ್ಲಿ, ಗುಂಡಿ ಹಿಡಿದ ತಮ್ಮನ ಪಕ್ಕದಲ್ಲಿ ಕೂತಿದ್ದರು.

ವಿಮರ್ಶಕರ ಭಾಷಣ ಸಾಗಿತು. ಹಾಡು, ಕುಣಿತ, ನಾಟಕ, ಸಿನಿಮಾ, ಚಿತ್ರ, ಎಲ್ಲ ಮೆಟ್ಟಿಲು ಹತ್ತಿ ಕೊನೆಗೆ ಪರದೆಗೆ ಬಂದು, ಆ ಮೊದಲ ಸಂಜೆ ಆ ಗಳಿಗೆಯಲ್ಲಿ ನಿಮಗೆ ಏನನ್ನಿಸಿತು, ಸಭೆಗೆ ಹೇಳಿ ಎಂದು ಮೈಕನ್ನು ಹಗ್ಗದಣ್ಣನ ಬಾಯಿಗೆ ಹಿಡಿದರು. ಹಗ್ಗದಣ್ಣ ಉಗುಳು ನುಂಗಿದ್ದು ಮೈಕಿನಲ್ಲಿ ಹಿಂದಿನ ಸಾಲಿನವರೆಗೂ ಕೇಳಿಸಿತು. ಸುಳ್ಳನ್ನು ಹೊತ್ತು ಅವನಿಗೂ ಸಾಕಾಗಿತ್ತು.

"ಏನೂ ಅನ್ನಿಸ್ಲಿಲ್ಲ. ಚಪ್ಪಾಳೆ ಬಿತ್ತು, ಮುಗೀತು ಅಂದ್ಕೊಂಡು ಇಳಿಸಿದೆ. ನನಗೆ ಜಾಝ್ ಗೊತ್ತಿಲ್ಲ."

ಸಭೆ ನಕ್ಕು, ಇಂಥ ವಿನಯವನ್ನು ಈ ಕಾಲದಲ್ಲಿ ಎಲ್ಲಿ ಕಾಣುತ್ತೇವೆ ಎಂದು ಕೈ ತಟ್ಟಿತು. ವಿಮರ್ಶಕರು, ಗೊತ್ತಿಲ್ಲ ಎಂದು ಗೊತ್ತಿರುವುದೇ ಜಾಝ್ ಎಂದು ಬರೆದುಕೊಂಡರು. ಇಡೀ ಸಭೆಯಲ್ಲಿ ಅವನ ಮಾತನ್ನು ಹೇಳಿದ ಹಾಗೆಯೇ ಕೇಳಿಸಿಕೊಂಡವರು ಅಧ್ಯಕ್ಷರು ಒಬ್ಬರೇ. ಅವರು ನಗಲಿಲ್ಲ. ಭಾವಮೈದುನನ ಕಡೆ ತಿರುಗಿ, ಗುಂಡಿ ಸಿದ್ಧವಿದೆಯೇ ಎಂದು ಕಣ್ಣಲ್ಲೇ ಕೇಳಿದರು. ಅದನ್ನು ಕಂಡ ಹಗ್ಗದಣ್ಣ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡ.

ಕಛೇರಿ ಶುರುವಾಯಿತು. ಹಗ್ಗದಣ್ಣ ಈ ಸಲ ಮನಸ್ಸಿನಲ್ಲೇ ಶಪಥ ಮಾಡಿದ್ದ. ಆಕಾಶ ಬಿದ್ದರೂ ಚಪ್ಪಾಳೆಗೆ ಪರದೆ ಇಳಿಸುವುದಿಲ್ಲ. ಸ್ಯಾಕ್ಸೋಫೋನಿಗೆ ಚಪ್ಪಾಳೆ ಬಿತ್ತು. ಅವನು ಹಗ್ಗ ಬಿಗಿಯಾಗಿ ಹಿಡಿದು ಹಲ್ಲು ಕಚ್ಚಿದ. ಪಿಯಾನೋಗೆ ಬಿತ್ತು, ಕಣ್ಣು ಮುಚ್ಚಿದ. ಬಾಸ್, ಡ್ರಮ್, ಎಲ್ಲರದೂ ಆಯಿತು. ಮೊದಲಿನ ರಾಗ ಮರಳಿ ಬಂತು. ಇನ್ನೇನು ಮುಗಿಯಬೇಕು, ಆಗ ಸ್ಯಾಕ್ಸೋಫೋನಮ್ಮ ಅವನ ಕಡೆ ತಿರುಗಿ ಗೋಣು ಹಾಕಿದರು.

ಅದರ ಅರ್ಥ, ಈಗ ನಿಮ್ಮ ಸರದಿ, ಇಳಿಸಿ ಎಂದು. ಆದರೆ ಹಗ್ಗದಣ್ಣ ಮರ್ಯಾದಸ್ಥ. ಇಷ್ಟು ದೊಡ್ಡ ಕಲಾವಿದೆ ಎಲ್ಲರೆದುರು ತನಗೆ ತಲೆಬಾಗಿದ್ದಾರೆ. ಅವನೂ ಕುರ್ಚಿಯಿಂದ ಅರ್ಧ ಎದ್ದು, ಆಕೆಗೆ ತಲೆಬಾಗಿ ಕೂತ.

ಜಾಝ್‌ನವರ ಲೆಕ್ಕದಲ್ಲಿ ತಿರುಗಿ ಗೋಣು ಹಾಕಿದರೆ, ನನಗೆ ಬೇಡ, ನೀವೇ ಇನ್ನೊಂದು ಸುತ್ತು ಹೋಗಿ ಎಂದರ್ಥ. ಆಕೆ ಹುಬ್ಬೇರಿಸಿ ಮತ್ತೆ ಶುರುಮಾಡಿದರು. ಎಲ್ಲರೂ ಮತ್ತೆ ತಮ್ಮ ತಮ್ಮ ಮಾತು ಹೇಳಿದರು. ಮತ್ತೆ ರಾಗ ಬಂತು, ಮತ್ತೆ ಆಕೆ ಗೋಣು ಹಾಕಿದರು, ಮತ್ತೆ ಇವನು ಇನ್ನೂ ಬಗ್ಗಿ ವಂದಿಸಿದ. ಪರದೆ ಬೀಳದೆ ನಿಲ್ಲಿಸಬಾರದೆಂದು ಅವರು, ಯಾರಾದರೂ ಹೇಳದೆ ಇಳಿಸಬಾರದೆಂದು ಇವನು. ಎತ್ತು ಏರಿಗೆ, ಕೋಣ ನೀರಿಗೆ. ಪಿಯಾನೋದವರು ಕೋಟು ತೆಗೆದರು. ಬಾಸಿನವರು ವಾದ್ಯವನ್ನು ಹಿಡಿದಿದ್ದು ಹೋಗಿ ವಾದ್ಯವೇ ಅವರನ್ನು ಹಿಡಿದುಕೊಂಡಿತ್ತು. ಡ್ರಮ್ಮಿನವರ ಮುಖದಿಂದ ಬೆವರು ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಸಭೆ ಮೊದಲು ಮೈಮರೆಯಿತು, ಆಮೇಲೆ ಮೈ ಮುರಿಯಿತು. ಕೊನೆಯ ಬಸ್ಸಿನವರು ಬಗ್ಗಿ ಬಗ್ಗಿ ಹೊರಗೆ ಜಾರಿದರು. ನಾಲ್ಕನೆಯ ಸುತ್ತಿಗೆ ಚಪ್ಪಾಳೆಯೇ ನಿಂತುಹೋಯಿತು.

ಅಧ್ಯಕ್ಷರು ಸನ್ನೆ ಮಾಡಿದರು. ಭಾವಮೈದುನ ಅಕ್ಕನ ಕಡೆ ನೋಡದೆ ಗುಂಡಿ ಒತ್ತಿದ.

ಮೋಟಾರ್ ಗುಂಯ್ ಎಂದಿತು. ಪರದೆ ನೆಟ್ಟಗೆ, ಗಂಭೀರವಾಗಿ ಇಳಿಯತೊಡಗಿತು. ಆದರೆ ಹಗ್ಗದಣ್ಣ ಹಗ್ಗವನ್ನು ಹಲ್ಲು ಕಚ್ಚಿ ಹಿಡಿದಿದ್ದನಲ್ಲ. ಹಗ್ಗದ ಸಡಿಲು ತೀರಿದ್ದೇ ಪರದೆ ಅರ್ಧಕ್ಕೆ ಬಂದು ನಿಂತಿತು. ಮೋಟಾರ್ ಕೆಳಕ್ಕೆ ಎಳೆಯಿತು, ಇವನು ಬೆಚ್ಚಿ ಇನ್ನೂ ಬಿಗಿಯಾಗಿ ಹಿಡಿದ. ಭಾವಮೈದುನ ಗುಂಡಿಯನ್ನು ಎರಡೂ ಹೆಬ್ಬೆರಳಿನಲ್ಲಿ ಒತ್ತಿದ. ಮೇಲೆ ಚಟ್ಟೆಂದು ಶಬ್ದವಾಗಿ, ಸಣ್ಣ ಹೊಗೆ ಬಂದು, ಮೋಟಾರ್ ಸುಮ್ಮನಾಯಿತು. ಈಗ ಸಭೆಗೆ ಕಾಣುತ್ತಿದ್ದದ್ದು ಕಲಾವಿದರ ಸೊಂಟದ ಕೆಳಗಿನ ಭಾಗ ಮಾತ್ರ. ನಾಲ್ಕು ಜೊತೆ ಬೂಟುಗಳು ಸುಸ್ತಾಗಿ ತಾಳ ಹಾಕುತ್ತಿದ್ದವು. ಅಧ್ಯಕ್ಷರು ಆ ಸಂಜೆ ಮೊದಲ ಬಾರಿಗೆ ಮುಂದಕ್ಕೆ ಬಾಗಿ ಆಸಕ್ತಿಯಿಂದ ನೋಡಿ, ಡ್ರಮ್ಮಿನವರ ಅಟ್ಟೆ ಹೋಗಿದೆ ಎಂದು ಮ್ಯಾನೇಜರಿಗೆ ಹೇಳಿದರು.

ಆಗ ಒಂದು ಜೊತೆ ಬೂಟು ಸಾಲು ಬಿಟ್ಟು ಹೊರಟಿತು. ಸ್ಯಾಕ್ಸೋಫೋನಮ್ಮ ಪರದೆಯ ಕೆಳಗೆ ತಲೆ ಬಗ್ಗಿಸಿ ಈಚೆಗೆ ಬಂದು, ಹಗ್ಗದಣ್ಣನ ಕುರ್ಚಿಯ ಮುಂದೆ ನಿಂತು, ವಾದ್ಯವನ್ನು ಬಾಯಿಂದ ತೆಗೆದರು. ಆಕೆಗೆ ಉಸಿರು ಸರಿಯಾಗಿ ಸಿಗುತ್ತಿರಲಿಲ್ಲ.

"ಅಣ್ಣಾ, ನಮಗೆ ಸುಸ್ತಾಗಿದೆ. ಪರದೆ ಇಳಿಸಿ."

ಹಗ್ಗದಣ್ಣ ಆಕೆಯನ್ನು ಕಣ್ಣು ಅರಳಿಸಿ ನೋಡಿದ. ಮೇಷ್ಟರು ಹೇಳಿರಲಿಲ್ಲ, ನಿರ್ದೇಶಕ ಹೇಳಿರಲಿಲ್ಲ, ವಿಮರ್ಶಕರು ಹೇಳಿರಲಿಲ್ಲ. ಇಷ್ಟು ದಿನಕ್ಕೆ ಒಬ್ಬರಾದರೂ ಬಾಯಿಬಿಟ್ಟು ಹೇಳಿದರಲ್ಲ ಎಂದು ಅವನ ಕಣ್ಣಲ್ಲಿ ಬಳಬಳ ನೀರು ಬಂತು. ಎದ್ದ. ಆಕೆ ಬಗ್ಗಿ ಮತ್ತೆ ಪರದೆಯ ಒಳಗೆ ಹೋದರು. ಇವನು ಸತ್ತ ಮೋಟಾರಿನ ಕೊಂಡಿಯನ್ನು ಕೋಲಿನಿಂದ ಬಿಡಿಸಿದ. ಹಗ್ಗವನ್ನು ಕೈಯಿಂದ ಕೈಗೆ ಸಡಿಲಿಸುತ್ತ ಬಂದ. ಒಳಗಿದ್ದವರು ಬಟ್ಟೆ ಇಳಿಯುವುದನ್ನು ನೋಡಿ ತಾವೂ ದನಿ ಇಳಿಸಿದರು. ಅಂಚು ನೆಲ ಮುಟ್ಟುವಾಗ ಶಬ್ದವೇ ಆಗಲಿಲ್ಲ, ಹಾಡು ಎಲ್ಲಿ ನಿಂತಿತೋ ಅದೂ ತಿಳಿಯಲಿಲ್ಲ. ನನಗೆ ಜಾಝ್ ಗೊತ್ತಿಲ್ಲ, ಆದರೆ ಗೋಡೆಗೆ ಒರಗಿದ್ದವನು ನೆಟ್ಟಗೆ ನಿಂತೆ. ಅತ್ತಿಗೆ ಗಂಡನ ಕೆಲಸವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, ತಮ್ಮನ ಕೈಯಿಂದ ಗುಂಡಿ ಕಿತ್ತುಕೊಂಡರು.

ಅಧ್ಯಕ್ಷರು ಎದ್ದು ನಿಂತರು. ಮ್ಯಾನೇಜರ್ ಅಳತೆಪಟ್ಟಿ ಹಿಡಿದು ಓಡಿ ಬಂದರು. ಭಾವಮೈದುನ ಮೋಟಾರಿನ ಪರವಾಗಿ ಏನೋ ಹೇಳಲು ಹೋದ, ಮೇಲಿನಿಂದ ಮತ್ತಿಷ್ಟು ಹೊಗೆ ಬಂದದ್ದು ನೋಡಿ ಬಿಟ್ಟ.

"ಅದನ್ನ ವಾಪಸ್ ಕಳಿಸಿ. ಈತ ಇರ್ಲಿ" ಎಂದರು ಅಧ್ಯಕ್ಷರು. "ಹೇಳಿದ್ರೆ ಕೇಳ್ತಾನೆ."

ಉಳಿದಿದ್ದ ಸಭೆಗೆ ಆಗ ಎಚ್ಚರವಾಗಿ, ಎಲ್ಲಿತ್ತೋ ಅಷ್ಟು ದೊಡ್ಡ ಚಪ್ಪಾಳೆ, ಮಾಡು ಹಾರುವ ಹಾಗೆ ಬಿತ್ತು. ನಿಲ್ಲಲೇ ಇಲ್ಲ. ಹಗ್ಗದಣ್ಣನ ಕೈ ಹಗ್ಗಕ್ಕೆ ಹೋಗಿ, ಅರ್ಧಕ್ಕೇ ನಿಂತಿತು. ಅವನು ಅಧ್ಯಕ್ಷರನ್ನು ನೋಡಿ, ಸರ್, ಎತ್ತಲಾ ಎಂದು ಕೇಳಿದ. ನನ್ನನ್ನೇನು ಕೇಳ್ತೀಯ, ಒಳಗಿರೋರನ್ನ ಕೇಳು ಎಂದರು ಅವರು. ಹಗ್ಗದಣ್ಣ ಪರದೆಗೆ ಬಾಯಿಟ್ಟು, ಎತ್ತಬೇಕಾ ಎಂದು ವಿನಯದಿಂದ ಕೇಳಿದ.

"ಬೇಡ" ಎಂದು ಉತ್ತರ ಬಂತು. ಆ ಸಂಜೆ ನಾಲ್ವರೂ ಒಂದೇ ಕಾಲಕ್ಕೆ, ಒಂದೇ ಸ್ವರದಲ್ಲಿ ನುಡಿಸಿದ್ದು ಅದೊಂದೇ.